ಹುಸೇನಮ್ಮ ಹೊಲಿದ ನಡುಪಟ್ಟಿ

ಹುಸೇನಮ್ಮ ಕಂಪ್ಲಿಯವಳು. ಅವಳಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿಯದೆ ಹೋದಾಗ ತಾಯಿ ಮೊಹರಮ್ಮಿನಲ್ಲಿ ಹುಸೇನ ಪೀರಲ ದೇವರ ಮುಂದೆ ನಿಂತು ಹರಕೆ ಹೊತ್ತಿದ್ದಳು. ನಾಲ್ಕನೆಯದು ಉಳಿಯಿತು, ಆ ದೇವರ ಹೆಸರನ್ನೇ ಇಟ್ಟರು. ತಾಯಿ ಊರವರಿಗೆ ಕೌದಿ ಹೊಲಿದುಕೊಡುತ್ತಿದ್ದಳು. ಹಳೆಯ ಸೀರೆ, ಪಂಚೆ, ಹರಿದ ಅಂಗಿಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಹೊಲಿಗೆ ಹಾಕುತ್ತ ಹಾಕುತ್ತ ನಡುವಿನವರೆಗೆ ಬರುವ ಕೆಲಸ. ಏಳೆಂಟು ವರ್ಷಕ್ಕೇ ಹುಸೇನಮ್ಮನ ಕೈಗೆ ಸೂಜಿ ಬಂತು. ಅವಳ ಹೊಲಿಗೆ ತಾಯಿಯ ಹೊಲಿಗೆಗಿಂತ ಸಣ್ಣದು. ಜೋಳದ ಕಾಳು ಸಾಲಾಗಿ ಇಟ್ಟಂತೆ ಕಾಣುತ್ತಿತ್ತು.

ಹದಿನೇಳಕ್ಕೆ ಅವಳನ್ನು ಸೋದರಮಾವ ಉಚ್ಚೆಂಗೆಪ್ಪನಿಗೆ ಕೊಟ್ಟರು. ಅವನ ಮನೆ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಯಲ್ಲಿ, ಹತ್ತಿಪ್ಪತ್ತು ಮನೆಗಳ ಒಂದು ಸಾಲಿನಲ್ಲಿತ್ತು. ಆಗ ಅವನು ಲಾರಿಯಲ್ಲಿ ಕ್ಲೀನರ್. ಅವನ ತಾಯಿ ಮುದುಕಮ್ಮ ಹುಸೇನಮ್ಮನಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಹಾಗಾಗಿ ಗಂಡನ ಮನೆ ಅವಳಿಗೆ ಪರಕೀಯ ಅನ್ನಿಸಲಿಲ್ಲ.

ಎರಡು ವರ್ಷದ ಮೇಲೆ ಹೆರಿಗೆಗೆ ಕಂಪ್ಲಿಗೆ ಹೋದಳು. ಎರಡು ದಿನ ನೋವು ತಿಂದಳು. ಕೂಸು ಹೊರಗೆ ಬಂದಾಗ ಮೈ ನೀಲಿಗಟ್ಟಿತ್ತು, ಅಳಲಿಲ್ಲ. ಸೂಲಗಿತ್ತಿ ಅದರ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದಳು, ಮುಖಕ್ಕೆ ತಣ್ಣೀರು ಹೊಡೆದಳು. ಬಹಳ ಹೊತ್ತಾದ ಮೇಲೆ ಬೆಕ್ಕಿನ ಮರಿ ಅತ್ತಂಥ ಒಂದು ದನಿ ಬಂತು. ಹೆಣ್ಣು ಕೂಸು. ಹುಲಿಗೆಮ್ಮ ಎಂದು ಹೆಸರಿಟ್ಟು ಹುಲಿಗಿ ಎಂದು ಕರೆದರು.

ವರ್ಷ ತುಂಬಿದರೂ ಹುಲಿಗಿಗೆ ಕುತ್ತಿಗೆ ನಿಲ್ಲಲಿಲ್ಲ. ಮೂರಕ್ಕೆ ಕೂತಳು, ಆರಕ್ಕೆ ನಡೆದಳು. ನಡುವೆ ಮೂರ್ಛೆ ಶುರುವಾಯಿತು. ಹೊಸಪೇಟೆಯ ದೊಡ್ಡ ಡಾಕ್ಟರು ಮಗುವಿನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಹುಟ್ಟುವಾಗ ತಲೆಗೆ ಗಾಳಿ ಸಾಲದೆ ಹೀಗಾಗಿದೆ ಎಂದರು.

"ಮೈ ಬೆಳೆಯುತ್ತಮ್ಮ, ಬುದ್ಧಿ ಅಷ್ಟು ಬೆಳೆಯಲ್ಲ. ಮೂರ್ಛೆ ಗುಳಿಗೆ ಒಂದು ಹೊತ್ತೂ ತಪ್ಪಿಸಬೇಡ. ತಪ್ಪಿಸಿದರೆ ಇರೋ ಬುದ್ಧೀನೂ ಹೋಗುತ್ತೆ."

ಹುಸೇನಮ್ಮ ಆ ಗುಳಿಗೆಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಇನ್ನೊಂದು ಮಗುವಾಗಲಿ ಎಂದು ಎಲ್ಲರೂ ಹೇಳಿದರು. ಒಂದು ಸಲ ಬಸಿರಾಗಿ ಮೂರು ತಿಂಗಳಿಗೇ ಹೋಯಿತು. ಮತ್ತೆ ಆಗಲಿಲ್ಲ, ಅವಳು ಬೇಡಿಕೊಳ್ಳಲೂ ಇಲ್ಲ.

ಮನೆಯಲ್ಲಿ ಕೆಲಸ ಎರಡು ಪಾಲಾಗಿತ್ತು. ಹುಸೇನಮ್ಮ ನೀರು ತರುತ್ತಿದ್ದಳು, ಅಡಿಗೆ ಮಾಡುತ್ತಿದ್ದಳು, ಕೌದಿ ಹೊಲಿಯುತ್ತಿದ್ದಳು. ಮುದುಕಮ್ಮ ಮೊಮ್ಮಗಳನ್ನು ಕಾಯುತ್ತಿದ್ದಳು. ಹುಲಿಗಿಗೆ ಮಾತು ಬರಲಿಲ್ಲ. ಹಸಿವಾದರೆ ತಾಯಿಯ ಸೆರಗು ಹಿಡಿದು ಒಲೆಯ ಕಡೆ ಎಳೆಯುತ್ತಿದ್ದಳು. ಖುಷಿಯಾದರೆ ಎರಡೂ ಕೈ ಬಡಿದು ತುಟಿ ಮುಂದೆ ಮಾಡಿ "ಬೂ" ಎನ್ನುತ್ತಿದ್ದಳು. ಅವಳಿಗೆ ಖುಷಿ ಕೊಡುತ್ತಿದ್ದುದು ಲಾರಿ. ಲಾರಿ ಬಂದಾಗ ನೆಲ ಅದುರುವುದು ಅಂಗಾಲಿಗೆ ಗೊತ್ತಾಗುತ್ತದಲ್ಲ, ಹುಲಿಗಿ ಆಗಲೇ ಎದ್ದು ನಿಲ್ಲುತ್ತಿದ್ದಳು. ಶಬ್ದ ಕೇಳುವುದು ಆಮೇಲೆ.

ಮೊದಮೊದಲು ದಿನಕ್ಕೆ ಹತ್ತೋ ಹದಿನೈದೋ ಲಾರಿ. ಎರಡು ಸಾವಿರದ ಮೂರರ ಹೊತ್ತಿಗೆ ಸಂಡೂರಿನ ಗುಡ್ಡಗಳ ಅದಿರಿಗೆ ಚೀನಾದಿಂದ ಬೇಡಿಕೆ ಬಂತು. ಅದಾದ ಮೇಲೆ ಲಾರಿಗಳನ್ನು ಎಣಿಸುವವರಿರಲಿಲ್ಲ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಹಾಗೆ, ತಾಡಪಾಲು ಅರ್ಧ ಹಾಸಿಕೊಂಡು ಅರ್ಧ ಹಾರಿಸಿಕೊಂಡು ಓಡಿದವು. ಬೇವಿನ ಮರ ಕೆಂಪಾಯಿತು, ಬಿಳಿ ಕೋಳಿ ಕೆಂಪಾಯಿತು, ಹಾಲಿನ ಕೆನೆಯ ಮೇಲೂ ಕೆಂಪು ಕೂತಿತು. ಸಾಲಿನ ಹೆಂಗಸರೆಲ್ಲ ಅದಿರು ಜರಡಿ ಹಿಡಿಯಲು, ಅದನ್ನು ರಾಶಿ ಹಾಕುವ ಪ್ಲಾಟಿಗೆ ಹೋಗತೊಡಗಿದರು. ಉಚ್ಚೆಂಗೆಪ್ಪ ಕ್ಲೀನರಿನಿಂದ ಡ್ರೈವರ್ ಆದ. ಅದಿರು ತುಂಬಿಕೊಂಡು ಬಂದರಿಗೆ ಹೋದರೆ ಆರು ದಿನಕ್ಕೋ ಎಂಟು ದಿನಕ್ಕೋ ಮನೆಗೆ ಬರುತ್ತಿದ್ದ. ಬಂದವನು ಮೈ ತೊಳೆದು, ಉಂಡು, ಹೆಣದಂತೆ ಮಲಗಿ, ಎದ್ದು ಹೋಗುತ್ತಿದ್ದ.

ಕೌದಿಗೂ ಹೊಸ ಗಿರಾಕಿಗಳು ಬಂದರು. ಮನೆಗಳವರು ಅಂಗಡಿಯ ರಗ್ಗಿಗೆ ಮನಸೋತರೂ ಡ್ರೈವರುಗಳು ಸೀಟಿನ ಮೇಲೆ ಹಾಸಲು ದಪ್ಪನೆಯ ಸಣ್ಣ ಕೌದಿ ಕೇಳತೊಡಗಿದರು. ಎದುರಿಗಿದ್ದ ದ್ಯಾಮಕ್ಕನ ಚಹಾದ ಗುಡಿಸಲಿನಲ್ಲಿ ಅವನ್ನು ನೇತುಹಾಕುತ್ತಿದ್ದರು. ಚಹಾ ಕುಡಿಯಲು ನಿಂತ ಡ್ರೈವರುಗಳಿಗೆ ಹುಲಿಗಿ ಪರಿಚಯವಾದಳು. ಹೋಗುವಾಗ ಅವಳಿಗಾಗಿ ಹಾರ್ನ್ ಹೊಡೆಯುತ್ತಿದ್ದರು. ಅವಳು ಕೈ ಬಡಿದು ಕುಣಿಯುತ್ತಿದ್ದಳು.

ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ ಮುದುಕಮ್ಮ ತೀರಿಕೊಂಡಳು. ಅವಳ ದಿನಕರ್ಮ ಮುಗಿದು ಒಂದು ವಾರವೂ ಆಗಿರಲಿಲ್ಲ, ಹುಸೇನಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಹೊರಗೆ ಬ್ರೇಕು ಕಿರುಚಿದ ಶಬ್ದ. ಅದರ ಹಿಂದೆಯೇ ದ್ಯಾಮಕ್ಕನ ಕೂಗು.

"ಹುಸೇನೀ! ಹುಲಿಗಿ ರೋಡಿನ್ಯಾಗ ಅದಾಳಲೇ!"

ಓಡಿ ಬಂದಾಗ ಹುಲಿಗಿ ರಸ್ತೆಯ ನಡುವೆ ನಿಂತು ಕೈ ಬಡಿಯುತ್ತಿದ್ದಳು. ಲಾರಿಯ ಬಂಪರ್ ಅವಳ ಎದೆಯಿಂದ ಒಂದು ಗೇಣು ದೂರದಲ್ಲಿತ್ತು. ಹಿಂದಿನ ಲಾರಿ ಬಂದು ಮುಂದಿನದಕ್ಕೆ ಗುದ್ದಿ, ಅದಿರು ರಸ್ತೆಯ ತುಂಬ ಚೆಲ್ಲಿತ್ತು. ಡ್ರೈವರ್ ಇಳಿದು ಬಂದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಳು ಹುಸೇನಮ್ಮ. ಅವನು ರಸ್ತೆಯ ಅಂಚಿನಲ್ಲಿ ಕುಸಿದು ಕೂತ.

"ಯವ್ವಾ, ನನಗೂ ಮಕ್ಕಳು ಅದಾವ. ಇವತ್ತು ಬ್ರೇಕ್ ಹತ್ತಿತು. ನಾಳಿ ಹತ್ತಲಿಲ್ಲಂದ್ರ? ಕಟ್ಟಿ ಹಾಕವ್ವಾ ಇಕಿನ್ನ. ಕೈ ಮುಗಿತೀನಿ, ಕಟ್ಟಿ ಹಾಕು."

ಮನೆಗೆ ಬಾಗಿಲಿತ್ತು. ಬಾಗಿಲು ಹಾಕಿ ನೋಡಿದಳು. ಒಳಗೆ ಕತ್ತಲಾಗಿ ಹುಲಿಗಿ ಗೋಡೆಗೆ ತಲೆ ಗುದ್ದಿಕೊಳ್ಳುತ್ತಿದ್ದಳು, ಹಣೆ ಒಡೆದು ರಕ್ತ ಬಂತು. ಹೊಸಪೇಟೆಯಲ್ಲಿ ಇಂಥ ಮಕ್ಕಳ ಶಾಲೆ ಇದೆಯೆಂದು ಯಾರೋ ಹೇಳಿದರು. ಕರೆದುಕೊಂಡು ಹೋದರೆ, ಶೌಚ ತಾನೇ ಮಾಡಿಕೊಳ್ಳುವ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದರು. ನಾಲ್ಕು ದಿನ ಮಗಳ ಕೈ ಹಿಡಿದುಕೊಂಡೇ ಎಲ್ಲ ಕೆಲಸ ಮಾಡಿದಳು. ಐದನೆಯ ದಿನ ಸೀರೆ ಹರಿದು ಹಗ್ಗ ಹೊಸೆದು ಮಗಳ ಕಾಲಿಗೆ ಕಟ್ಟಿದಳು. ಸಂಜೆಗೆ ಕಾಲ ಗಂಟು ಕೆಂಪಗೆ ಉಜ್ಜಿಹೋಗಿತ್ತು. ಹುಸೇನಮ್ಮ ಹಗ್ಗ ಬಿಚ್ಚಿ, ಮಗಳ ಪಾದ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿದಳು. ಕಟ್ಟದೆ ವಿಧಿಯಿಲ್ಲ ಎಂಬುದು ತಿಳಿದಿತ್ತು. ಹೇಗೆ ಕಟ್ಟಬೇಕು ಎಂಬುದಷ್ಟೇ ಅವಳ ಕೈಯಲ್ಲಿತ್ತು.

ಮುದುಕಮ್ಮ ಉಟ್ಟು ಉಟ್ಟು ಮೆತ್ತಗಾದ ಇಳಕಲ್ ಸೀರೆಯೊಂದಿತ್ತು. ಅದನ್ನು ಕತ್ತರಿಸಿ ಏಳು ಪದರ ಹಾಸಿ, ನಾಲ್ಕು ಬೆರಳಗಲದ ಒಂದು ಪಟ್ಟಿ ಹೊಲಿದಳು. ಮೈಗೆ ತಾಗುವ ಕಡೆ ಗಂಟು ಬರದ ಹಾಗೆ ದಾರದ ತುದಿಗಳನ್ನೆಲ್ಲ ಪದರದೊಳಗೆ ಸೇರಿಸಿದಳು. ಕಾಲಿಗಲ್ಲ, ನಡುವಿಗೆ. ಕೈ ಎಟುಕದ ಹಾಗೆ ಬೆನ್ನ ಹಿಂದೆ ಎರಡು ಗುಂಡಿ. ಗುಂಡಿಯ ಕೆಳಗಿನ ಕುಣಿಕೆಗೆ ಉದ್ದನೆಯ ಸೀರೆ ಹಗ್ಗ, ಅದರ ಇನ್ನೊಂದು ತುದಿ ಮನೆಯೊಳಗಿನ ಕಂಬಕ್ಕೆ. ಹಗ್ಗದ ಅಳತೆಗೆ ತಾನೇ ಅದನ್ನು ನಡುವಿಗೆ ಕಟ್ಟಿಕೊಂಡು ನಡೆದು ನೋಡಿದಳು: ಒಲೆಯವರೆಗೆ ಹೋಗಬಾರದು, ನೀರಿನ ಗಡಿಗೆ ಮುಟ್ಟಬೇಕು, ಹೊಸ್ತಿಲು ದಾಟಿ ಕಟ್ಟೆಯ ಮೇಲೆ ಕೂತು ಲಾರಿ ನೋಡಬೇಕು, ಕಟ್ಟೆ ಇಳಿಯಬಾರದು. ಒಗೆಯಲು ಹಾಕಿದಾಗ ಬೇಕೆಂದು ಇನ್ನೊಂದು ಪಟ್ಟಿಯನ್ನೂ ಹೊಲಿದಳು. ಅದಕ್ಕೆ ಹಸಿರು ಗಿಣಿಗಳ ತೇಪೆ ಹಾಕಿದಳು. ಹುಲಿಗಿ ಆ ಗಿಣಿಗಳ ಮೇಲೆ ಹೆಬ್ಬೆರಳು ಆಡಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದಳು. ದಿನಕ್ಕೆ ಮೂರು ಸಲ ಬಿಚ್ಚಿ, ಕೈ ಹಿಡಿದು ಹಿಂದಿನ ಹೊಲದ ಕಡೆ ನಡೆದಾಡಿಸಿ ತಂದು ಮತ್ತೆ ಕಟ್ಟುತ್ತಿದ್ದಳು. ಕಟ್ಟುವಾಗ ಹುಲಿಗಿ ತಾನೇ ಕೈ ಮೇಲೆತ್ತಿ ನಿಲ್ಲುವುದನ್ನು ಕಲಿತಳು.

ಹೀಗೆ ಒಂದು ವರ್ಷ ಕಳೆಯಿತು.

ಎರಡು ಸಾವಿರದ ಆರರ ಫೆಬ್ರುವರಿಯಲ್ಲಿ ಈಶ್ವರ್ ಎಂಬ ಯುವಕ ಬೈಕಿನಲ್ಲಿ ಬಂದ. ಚಿತ್ತವಾಡ್ಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಅವನು ಒಂದು ಪತ್ರಿಕೆಗೆ ಸುದ್ದಿಯನ್ನೂ ಕಳಿಸುತ್ತಿದ್ದ. ಕೆಮ್ಮುತ್ತ ಕೌದಿ ಕೊಡವುತ್ತಿದ್ದ ಹುಸೇನಮ್ಮನನ್ನು ನೋಡಿ ನಿಂತ.

"ಧೂಳಿನ ಬಗ್ಗೆ ಬರಿಯಾಕ ಬಂದೀನಿ ಅಕ್ಕಾರ. ಒಂದು ಫೋಟೋ ತಗೊಳ್ಳೇನ್ರಿ?"

"ಧೂಳಾ? ತಗೋರಿ. ಅದಕ್ಕೇನು ಬರಗಾಲ ಇಲ್ಲ ಇಲ್ಲಿ."

ಅವನು ಮರದ್ದು, ಕೌದಿಯದು, ಲಾರಿಯದು ಫೋಟೋ ತೆಗೆದ. ಕಟ್ಟೆಯ ಮೇಲೆ ಕೂತ ಹುಲಿಗಿಯದೂ ತೆಗೆದ. ಹುಸೇನಮ್ಮ ಅವನಿಗೆ ನೀರು ಕೊಟ್ಟಳು. ಯಾಕೆ ಕಟ್ಟಿದ್ದೀರಿ ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಬರೆದುಕೊಂಡ. ಬರೆದು ಕಳಿಸಿದ್ದೂ ಹಾಗೆಯೇ ಅಂತೆ. ಆದರೆ ಪತ್ರಿಕೆಯಲ್ಲಿ ಧೂಳಿನ ಸುದ್ದಿ ಎರಡು ಸಾಲಿಗೆ ಇಳಿದಿತ್ತು. ಉಳಿದದ್ದೆಲ್ಲ ಹುಲಿಗಿಯ ಫೋಟೋ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೆತ್ತ ತಾಯಿಯೇ ಮಗಳನ್ನು ಹಗ್ಗದಿಂದ ಬಿಗಿದಿದ್ದಾಳೆ ಎಂಬ ತಲೆಬರಹ. ಫೋಟೋದಲ್ಲಿ ಗಿಣಿಗಳು ಕಾಣುತ್ತಿರಲಿಲ್ಲ.

ಹತ್ತು ದಿನದೊಳಗೆ ಜೀಪು ಬಂತು. ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ದೂರದ ಊರಿನ ಯಾವುದೋ ಸಂಸ್ಥೆಯವರು, ಜೊತೆಗೆ ಒಬ್ಬ ಪೊಲೀಸು. ಕನ್ನಡಕ ಹಾಕಿದ ಒಬ್ಬ ಮೇಡಂ ಇಳಿದು ಕಟ್ಟೆಯ ಮುಂದೆ ನಿಂತರು. ಸಾಲಿನವರೆಲ್ಲ ಸೇರಿದರು.

"ಮಗುವನ್ನ ದನದ ಹಾಗೆ ಕಟ್ಟಿದ್ದೀಯಲ್ಲಮ್ಮಾ. ಇದು ಅಪರಾಧ, ಗೊತ್ತಾ ನಿನಗೆ?"

"ಈಗ ಬಿಚ್ಚತೀನ್ರಿ," ಎಂದಳು ಹುಸೇನಮ್ಮ. "ಬಿಚ್ಚಿದ ಮ್ಯಾಲೆ ಅಕಿನ್ನ ಯಾರು ಹಿಡೀತಾರ? ನೀವು ದಿನಾ ಬಂದು ಈ ರೋಡಿಗೆ ಅಡ್ಡ ನಿಂದರ್ತೀರೇನ್ರಿ?"

"ಅದಕ್ಕೇ ಕರೆದುಕೊಂಡು ಹೋಗ್ತಿರೋದು. ಅಲ್ಲಿ ಡಾಕ್ಟರ್ ಇದ್ದಾರೆ, ಟೀಚರ್ ಇದ್ದಾರೆ, ಕಾಂಪೌಂಡ್ ಇದೆ."

ದ್ಯಾಮಕ್ಕ ಅಡ್ಡ ಬಂದಳು. "ಮೇಡಂ, ಇಕಿ ತಾಯಿ ಅಲ್ಲ, ದೇವರು ಅದಾಳ. ಒಮ್ಮಿ ವಿಚಾರ ಮಾಡ್ರಿ. ಅಕಿ ಗಂಡ ಊರಾಗಿಲ್ಲ, ಬರಲಿ ತಡೀರಿ." ಪೊಲೀಸಿನವನು ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಹುಸೇನಮ್ಮ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡುವುದಿಲ್ಲ ಎಂದಳು. ಮಾಡದಿದ್ದರೆ ನಿನ್ನ ಮೇಲೆಯೇ ಕೇಸು ಎಂದರು. ಅವಳು ಮಗಳನ್ನು ತಬ್ಬಿಕೊಂಡು ಕೂತಳು.

ಆದರೆ ಹುಲಿಗಿ ಜೀಪನ್ನು ನೋಡಿದ್ದಳು. ಇಂಜಿನ್ನು ಚಾಲೂ ಇತ್ತು, ನೆಲ ಸಣ್ಣಗೆ ಅದುರುತ್ತಿತ್ತು. ಮೇಡಂ ಪಟ್ಟಿಯ ಗುಂಡಿ ಬಿಚ್ಚಿದ್ದೇ ತಡ, ತಾಯಿಯ ತೋಳಿನಿಂದ ಜಾರಿ, ಕೈ ಬಡಿಯುತ್ತ ಓಡಿ ತಾನೇ ಜೀಪು ಹತ್ತಿದಳು. ಸೀಟಿನ ಮೇಲೆ ಕುಣಿಯುತ್ತ "ಬೂ" ಎಂದಳು. ಸೇರಿದವರಲ್ಲಿ ಒಬ್ಬಿಬ್ಬರು ನಕ್ಕರು. ಮೇಡಂ ಕೂಡ, "ನೋಡಮ್ಮ, ಹೇಗೆ ಖುಷಿಯಾಗಿ ಬರ್ತಾಳೆ," ಎಂದರು.

ಹುಸೇನಮ್ಮ ಒಳಗೆ ಓಡಿ ಗುಳಿಗೆಯ ಪೊಟ್ಟಣವನ್ನೂ ಮಗಳು ಹೊದೆಯುತ್ತಿದ್ದ ಕೌದಿಯನ್ನೂ ತಂದಳು. ಗುಳಿಗೆ ತೆಗೆದುಕೊಂಡರು. ಕೌದಿ ಬೇಡ, ಅಲ್ಲಿ ಎಲ್ಲ ಇದೆ ಎಂದರು. ಸಹಿಯಿಲ್ಲದೆಯೇ ಜೀಪು ಹೊರಟಿತು.

ಒಂದು ತಿಂಗಳು ಬರಬೇಡಿ, ಮಗು ಹೊಂದಿಕೊಳ್ಳಲಿ ಎಂದು ಹೇಳಿದ್ದರು. ತಿಂಗಳು ಕಳೆದ ಮೇಲೆ ಹೋದರೆ ಹುಲಿಗಿ ಅಲ್ಲಿರಲಿಲ್ಲ. ಬೇರೆ ಊರಿನ ಶಾಖೆಗೆ ಕಳಿಸಿದ್ದೇವೆ, ವಿಳಾಸ ಮೇಲಿನವರನ್ನು ಕೇಳಬೇಕು ಎಂದರು. ಮೇಲಿನವರು ಯಾರೆಂದು ಗೇಟಿನವನಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ಹೋದಾಗ ಒಳಗೇ ಬಿಡಲಿಲ್ಲ. ಬಂದರಿನಿಂದ ಬಂದ ಉಚ್ಚೆಂಗೆಪ್ಪ ಖಾಲಿ ಕಟ್ಟೆಯ ಮೇಲೆ ಕೂತ. ನಾನು ವಿಚಾರಿಸುತ್ತೇನೆ ಎಂದ. ಮುಂದಿನ ಸಲ ಬಂದಾಗ, ವಿಚಾರಿಸಿದೆ, ಚೆನ್ನಾಗಿದ್ದಾಳಂತೆ, ಸ್ವಲ್ಪ ದಿನ ಇರಲಿ ಬಿಡು ಎಂದ. ಯಾರು ಹೇಳಿದರು ಎಂದು ಹುಸೇನಮ್ಮ ಕೇಳಿದಳು. ಅವನು ಲಾರಿಗೆ ಹೊತ್ತಾಯಿತು ಎಂದು ಎದ್ದ.

ಆ ತಿಂಗಳುಗಳಲ್ಲಿ ಅವಳು ಒಂದೂ ಕೌದಿ ಹೊಲಿಯಲಿಲ್ಲ. ಹೊಲಿಯಲು ಕೂತರೆ ಕೆಲಸ ಸಾಗುತ್ತಿತ್ತು, ಮಗಳಿಗಾಗಿ ನಡುವೆ ಏಳಬೇಕಾಗಿರಲಿಲ್ಲ. ಹಾಗೆ ಸಾಗುವುದೇ ಅವಳಿಗೆ ತಡೆಯಲಾಗದೆ ಸೂಜಿ ಕೆಳಗಿಡುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಒಂದು ದಿನ ಚಿತ್ತವಾಡ್ಗಿಗೆ ಹೋಗಿ ಈಶ್ವರನ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಳು. ಒಳಗೆ ಬರ್ರಿ ಎಂದರೂ ಹೋಗಲಿಲ್ಲ.

"ನೀ ಬರದಿ, ಅವರು ಒಯ್ದರು. ಈಗ ನೀನ ಹುಡುಕಿ ಕೊಡು."

ಅವನು ತಾನು ಬರೆದದ್ದು ಹಾಗಿರಲಿಲ್ಲ ಎಂದು ಹೇಳಹೊರಟ. ಅವಳು ಕೇಳಿಸಿಕೊಳ್ಳಲಿಲ್ಲ. ಸಂಜೆ ಅಂಗಡಿ ಮುಚ್ಚುವವರೆಗೆ ಕೂತಿದ್ದಳು, ಮಾರನೆಯ ದಿನವೂ ಬಂದು ಕೂತಳು. ಮೂರನೆಯ ದಿನ ಈಶ್ವರ್ ಕಂಡಕಂಡವರಿಗೆಲ್ಲ ಫೋನು ಮಾಡಲು ಶುರುಮಾಡಿದ. ವಿಳಾಸ ಸಿಗಲು ಹದಿನೆಂಟು ದಿನ ಹಿಡಿಯಿತು. ಇಬ್ಬರೂ ಎರಡು ಬಸ್ಸು ಬದಲಿಸಿ ಆ ಊರಿಗೆ ಹೋದರು.

ಅದು ಊರ ಹೊರಗಿನ ಹಳೆಯ ಗೋದಾಮಿನಂಥ ಕಟ್ಟಡ. ಉದ್ದನೆಯ ಕೋಣೆಯೊಂದರಲ್ಲಿ ತಲೆ ಬೋಳಿಸಿದ ಮೂವತ್ತು ನಲವತ್ತು ಹೆಣ್ಣುಮಕ್ಕಳು ನೆಲದ ಮೇಲೆ ಕೂತಿದ್ದರು. ಎಲ್ಲರಿಗೂ ಒಂದೇ ಬಣ್ಣದ ನಿಲುವಂಗಿ. ಐದಾರು ಜನರನ್ನು ಹರಿದ ಬೆಡ್‌ಶೀಟಿನಿಂದ ಕಿಟಕಿಯ ಸರಳಿಗೆ ಕಟ್ಟಿದ್ದರು. ಹುಸೇನಮ್ಮ ಅದನ್ನು ನೋಡುತ್ತ ನಿಂತದ್ದು ಕಂಡು ಅಲ್ಲಿದ್ದ ಆಯಾ ತಲೆ ತಗ್ಗಿಸಿದಳು.

"ಏನ್ ಮಾಡೋದಕ್ಕಾ. ನಾವು ಇಬ್ಬರೇ ಇರೋದು."

ಮಗಳು ಯಾರೆಂದು ತಕ್ಷಣ ಗುರುತು ಸಿಗಲಿಲ್ಲ. ಗೋಡೆಗೆ ಮುಖ ಮಾಡಿ ಕೂತವಳ ಕಿವಿಯ ಹಿಂದಿನ ಮಚ್ಚೆ ನೋಡಿ ಹುಸೇನಮ್ಮ, "ಹುಲಿಗೀ," ಎಂದಳು. ಅವಳು ತಿರುಗಲಿಲ್ಲ. ಮುಂದೆ ಹೋಗಿ ಮುಖ ಹಿಡಿದಾಗ ಮುಂದಿನ ಎರಡು ಹಲ್ಲು ಮುರಿದಿದ್ದವು. ಮೂರ್ಛೆ ಬಂದು ಬಿದ್ದಿದ್ದಳಂತೆ. ಗುಳಿಗೆ ಕೊಡುತ್ತೀರಾ ಎಂದರೆ, ಸ್ಟಾಕು ಬಂದಾಗ ಕೊಡುತ್ತೇವೆ ಎಂದರು.

ಕಚೇರಿಯವರು ಮಗುವನ್ನು ಹಾಗೆ ಬಿಡಲು ಬರುವುದಿಲ್ಲ ಎಂದರು. ಈಶ್ವರ್ ಕ್ಯಾಮೆರಾ ಹೊರಗೆ ತೆಗೆದು ಮೇಜಿನ ಮೇಲಿಟ್ಟ. ಆ ಕಿಟಕಿಯ ಫೋಟೋ ತೆಗೆದಾಗಿದೆ ಎಂದ. ಅರ್ಧ ಗಂಟೆಯಲ್ಲಿ ಕಾಗದ ತಯಾರಾಯಿತು.

ಮನೆಗೆ ಬಂದ ಮರುದಿನ ಬೆಳಗ್ಗೆ ನೀರು ಕಾಯಿಸಿ ಮಗಳಿಗೆ ಎರೆಯಲು ಕೂತಳು. ದ್ಯಾಮಕ್ಕ ಬಿಂದಿಗೆ ಹಿಡಿದು ನಿಂತಿದ್ದಳು. ನಿಲುವಂಗಿ ತೆಗೆದಾಗ ಹೊಕ್ಕುಳ ಕೆಳಗೆ ಅಡ್ಡಡ್ಡ ಒಂದು ಗಾಯದ ಗುರುತು ಕಂಡಿತು. ಒಂದು ಗೇಣು ಉದ್ದ, ಎರಡೂ ಕಡೆ ಚುಕ್ಕೆ ಚುಕ್ಕೆ. ದ್ಯಾಮಕ್ಕ, ಬಿದ್ದು ಗಾಯ ಮಾಡಿಕೊಂಡಿರಬೇಕು ಎಂದಳು. ಹುಸೇನಮ್ಮ ಬೆರಳಿಟ್ಟು ಆ ಚುಕ್ಕೆಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದಳು.

"ಇಲ್ಲಕ್ಕಾ. ಇದು ಹೊಲಿಗಿ. ಯಾರೋ ಅವಸರದಾಗ ಹೊಲದಾರ."

ಅದೇ ದಿನ ಹೊಸಪೇಟೆಗೆ ಕರೆದುಕೊಂಡು ಹೋದಳು. ಹುಲಿಗಿಯನ್ನು ಚಿಕ್ಕಂದಿನಿಂದ ನೋಡುತ್ತಿದ್ದ ಡಾಕ್ಟರು ಸ್ಕ್ಯಾನು ಮಾಡಿಸಿದರು. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಗರ್ಭಕೋಶ ತೆಗೆದಿದ್ದಾರಮ್ಮ."

ಹುಲಿಗಿಗೆ ಆಗ ಹದಿಮೂರು.

ಉಚ್ಚೆಂಗೆಪ್ಪ ನಾಲ್ಕನೆಯ ದಿನ ಬಂದ. ಹುಲಿಗಿ ಮೂಲೆಯಲ್ಲಿ ಕೂತದ್ದು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಅವನಿಗೆ ಆಶ್ಚರ್ಯವಾದದ್ದಕ್ಕಿಂತ ಹೆದರಿಕೆಯಾದದ್ದು ಹುಸೇನಮ್ಮನಿಗೆ ಕಂಡಿತು. ಅವಳಿಗೆ ಎಲ್ಲ ಅರ್ಥವಾಯಿತು. ಚಿಕ್ಕಂದಿನಿಂದ ಅವನನ್ನು ಕರೆಯುತ್ತಿದ್ದ ಹಾಗೆಯೇ ಕರೆದಳು.

"ಮಾವ, ನಿನಗ ಗೊತ್ತಿತ್ತು."

ಅವನು ಹೊಸ್ತಿಲ ಮೇಲೆ ಕೂತ. ಅಳಲಿಲ್ಲ. ನೆಲ ನೋಡುತ್ತ ಹೇಳಿದ. ಹುಲಿಗಿಯನ್ನು ಒಯ್ದ ಮೂರನೆಯ ತಿಂಗಳು ಸಂಸ್ಥೆಯವರು ಲಾರಿ ಮಾಲಕನಿಗೆ ಫೋನು ಮಾಡಿ ಅವನನ್ನು ಕರೆಸಿಕೊಂಡಿದ್ದರು. ಹುಡುಗಿ ದೊಡ್ಡವಳಾಗಿದ್ದಾಳೆ, ತಿಂಗಳು ತಿಂಗಳು ನೋಡಿಕೊಳ್ಳಲು ನಮ್ಮಲ್ಲಿ ಜನ ಇಲ್ಲ, ಒಂದು ಸಣ್ಣ ಆಪರೇಷನ್ ಮಾಡಿಸುತ್ತೇವೆ, ಎಲ್ಲರಿಗೂ ಒಳ್ಳೆಯದು ಎಂದರು. ಒಪ್ಪದಿದ್ದರೆ ಹೆಂಡತಿಯ ಮೇಲಿನ ಕೇಸು ಮುಂದಕ್ಕೆ ಹೋಗುತ್ತದೆ ಎಂದೂ ಹೇಳಿದರು.

"ಲೋಡ್ ಗಾಡಿ ರೋಡಿನ್ಯಾಗ ನಿಂತಿತ್ತು. ಹೆಬ್ಬಟ್ಟು ಒತ್ತು ಅಂದ್ರು, ಒತ್ತಿದೆ. ನಿನ್ನ ಜೇಲಿಗೆ ಹಾಕ್ತಾರಂದ್ರ ನಾ ಏನ್ ಮಾಡ್ಲಿ?"

"ನನ್ನ ಕೇಳಬೇಕಾಗಿತ್ತು."

"ಕೇಳಿದ್ರ ನೀ ಒಪ್ಪತಿದ್ದಿಲ್ಲ."

"ಹೌದು," ಎಂದಳು ಹುಸೇನಮ್ಮ. "ಒಪ್ಪತಿದ್ದಿಲ್ಲ."

ಅವನು ಉಣ್ಣದೆ ಎದ್ದು ಹೋದ.

ಈಶ್ವರ್ ಬಂದು, ಎಲ್ಲ ಬರೆಯುತ್ತೇನೆ, ಈ ಸಲ ದೊಡ್ಡ ಪತ್ರಿಕೆಗೆ ಕೊಡುತ್ತೇನೆ ಎಂದ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. ಹುಸೇನಮ್ಮ ಅವನ ಮೇಲೆ ಸಿಟ್ಟಾಗಲಿಲ್ಲ. "ಬ್ಯಾಡಪ್ಪ. ಮತ್ತ ಫೋಟೋ ಹಾಕ್ತಾರ. ಅಕಿನ್ನ ಎಲ್ಲಾರೂ ನೋಡ್ಯಾರ, ಸಾಕು." ಆದರೂ ಅವನ ಜೊತೆ ಎರಡು ಸಲ ದೂರು ಕೊಡಲು ಹೋದಳು. ಕಾಗದ ತರಿಸಿ ನೋಡಿದವರು, ತಂದೆಯ ಹೆಬ್ಬಟ್ಟು ಇದೆಯಲ್ಲಮ್ಮ ಎಂದರು. ಮೂರನೆಯ ಸಲ ಅವಳು ಹೋಗಲಿಲ್ಲ. ಹೋದ ದಿನವೆಲ್ಲ ಹುಲಿಗಿಯನ್ನು ದ್ಯಾಮಕ್ಕನ ಬಳಿ ಬಿಡಬೇಕಾಗುತ್ತಿತ್ತು. ತಾಯಿ ಕಣ್ಣಿಗೆ ಮರೆಯಾದರೆ ಹುಲಿಗಿ ಉಸಿರು ಬಿಗಿಹಿಡಿದು ತುಟಿ ನೀಲಿ ಮಾಡಿಕೊಳ್ಳುತ್ತಿದ್ದಳು.

ಅವಳನ್ನು ಕಟ್ಟುವ ಅಗತ್ಯವೇ ಈಗ ಇರಲಿಲ್ಲ. ಕೂರಿಸಿದಲ್ಲಿ ಕೂರುತ್ತಿದ್ದಳು. ಲಾರಿ ಬಂದು ನೆಲ ಅದುರಿದರೆ ಕಿವಿ ಮುಚ್ಚಿಕೊಂಡು ಗೋಡೆಗೆ ತಿರುಗುತ್ತಿದ್ದಳು. ಗುರುತಿನ ಡ್ರೈವರುಗಳು ಹಾರ್ನ್ ಹೊಡೆದು ಕಾದು ನೋಡಿ, ದ್ಯಾಮಕ್ಕನನ್ನು ಕೇಳಿ, ಆಮೇಲೆ ಹೊಡೆಯುವುದನ್ನು ಬಿಟ್ಟರು.

ಮುಂದಿನ ಯುಗಾದಿ ಕಳೆಯುತ್ತಲೇ ಹುಸೇನಮ್ಮ ಮಗಳನ್ನು ಕರೆದುಕೊಂಡು ಆ ರಸ್ತೆ ಬಿಟ್ಟಳು. ಕಡ್ಡಿರಾಂಪುರದಲ್ಲಿ ದ್ಯಾಮಕ್ಕನ ತಂಗಿಯ ಮನೆಯ ಹಿಂದೆ, ಬಾಳೆ ತೋಟಕ್ಕೆ ಹೊಂದಿಕೊಂಡ ಒಂದು ಕೋಣೆ ಸಿಕ್ಕಿತು. ಹಂಪಿಗೆ ಬರುವ ಪರದೇಶದವರು ತಂಗುವ ಒಂದು ಮನೆಯವರು ಅವಳ ಕೌದಿಗಳನ್ನು ತೆಗೆದುಕೊಳ್ಳುತ್ತಿದ್ದರು. ಬಂದವರು ಹೊಲಿಗೆಯ ಸಣ್ಣತನ ನೋಡಿ ಬೆರಗಾಗುತ್ತಿದ್ದರು, ಫೋಟೋ ತೆಗೆಯಲೇ ಎಂದು ಸನ್ನೆ ಮಾಡುತ್ತಿದ್ದರು. ಅವಳು ಕೌದಿಯನ್ನು ಮುಂದೆ ಹಿಡಿದು, ಮಗಳನ್ನು ಬೆನ್ನ ಹಿಂದೆ ಮಾಡಿಕೊಳ್ಳುತ್ತಿದ್ದಳು.

ಗುಳಿಗೆ ಮತ್ತೆ ಹೊತ್ತಿಗೆ ಸರಿಯಾಗಿ ಬಿದ್ದದ್ದರಿಂದ ಮೂರ್ಛೆ ಕಡಿಮೆಯಾಯಿತು. ಕಳೆದುಕೊಂಡದ್ದು ಪೂರ್ತಿ ಬರಲಿಲ್ಲ. ಹಸಿವಾದರೆ ಸೆರಗು ಎಳೆಯುವುದನ್ನು ಹುಲಿಗಿ ಮತ್ತೆ ಕಲಿಯಲು ಎರಡು ವರ್ಷ ಬೇಕಾಯಿತು. "ಬೂ" ಎಂಬ ಆ ಒಂದು ಶಬ್ದ ಬರಲೇ ಇಲ್ಲ. ಹುಸೇನಮ್ಮ ಅದಕ್ಕಾಗಿ ಬಹಳ ಪ್ರಯತ್ನಪಟ್ಟಳು, ತಾನೇ ತುಟಿ ಮುಂದೆ ಮಾಡಿ ತೋರಿಸಿದಳು. ಒಂದು ದಿನ ಬಿಟ್ಟುಬಿಟ್ಟಳು.

ಎರಡು ಸಾವಿರದ ಹನ್ನೊಂದರಲ್ಲಿ ಗಣಿಗಳು ನಿಂತವು. ಲಾರಿ ಮಾಲಕರು ಗಾಡಿ ಮಾರಿದರು, ಡ್ರೈವರುಗಳು ಬೀದಿಗೆ ಬಂದರು. ಅಷ್ಟು ವರ್ಷ ಕಡ್ಡಿರಾಂಪುರಕ್ಕೆ ತಿಂಗಳಿಗೊಮ್ಮೆ ಬಂದು, ದಿನಸಿ ಕೊಟ್ಟು, ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದ ಉಚ್ಚೆಂಗೆಪ್ಪ ಒಂದು ದಿನ ಬಟ್ಟೆಯ ಗಂಟು ಹಿಡಿದು ಬಂದು ನಿಂತ. ಒಳಗೆ ಬಾ ಎಂದು ಹುಸೇನಮ್ಮ ಹೇಳಲಿಲ್ಲ. ಹೋಗು ಎಂದೂ ಹೇಳಲಿಲ್ಲ. ಅವನ ಕೂದಲು ನೆರೆತಿತ್ತು, ಎದೆಯಲ್ಲಿ ಧೂಳಿನ ಕೆಮ್ಮು ನಿಂತಿತ್ತು. ಬಾಳೆ ತೋಟದಲ್ಲಿ ನೀರು ಕಟ್ಟುವ ಕೆಲಸ ಸಿಕ್ಕಿತು. ಹೊರಗಿನ ಪಡಸಾಲೆಯಲ್ಲಿ ಮಲಗುತ್ತಿದ್ದ.

ಆ ಮಳೆಗಾಲದ ಕೊನೆಯಲ್ಲಿ ಹುಸೇನಮ್ಮನಿಗೆ ಜ್ವರ ಬಂದು ಎಂಟು ದಿನ ಏಳಲಾಗಲಿಲ್ಲ. ಮೊದಲ ದಿನ ಮಧ್ಯಾಹ್ನ ಉಚ್ಚೆಂಗೆಪ್ಪ ಬಾಗಿಲಲ್ಲಿ ನಿಂತು ಕೇಳಿದ.

"ಅಕಿಗೆ ನಾ ಉಣಸ್ಲೇನು?"

ಹುಸೇನಮ್ಮ ಗೋಡೆಯ ಕಡೆ ನೋಡುತ್ತ ಮಲಗಿದ್ದಳು. ಈ ಕಡೆ ತಿರುಗದೆಯೇ ಹೇಳಿದಳು: "ಸಣ್ಣ ತುತ್ತು ಮಾಡು. ಮುಂದಿನ ಹಲ್ಲಿಲ್ಲ ಅಕಿಗೆ. ಅವಸರ ಮಾಡಬ್ಯಾಡ."

ಅವನು ಅನ್ನಕ್ಕೆ ಹಾಲು ಕಲಸಿ ಮಗಳ ಮುಂದೆ ಕೂತ. ಹದಿನೆಂಟು ವರ್ಷದ ಮಗಳಿಗೆ ಅವನು ತನ್ನ ಕೈಯಿಂದ ಉಣಿಸಿದ್ದು ಅದೇ ಮೊದಲು. ಹುಲಿಗಿ ಮುಖ ಆ ಕಡೆ ತಿರುಗಿಸಿದಳು. ಅವನು ತುತ್ತು ಹಿಡಿದುಕೊಂಡು ಹಾಗೆಯೇ ಕೂತ. ತೋಟದ ಕೆಲಸಕ್ಕೆ ಕರೆಯಲು ಬಂದವರನ್ನು ಆಮೇಲೆ ಬರುತ್ತೇನೆ ಎಂದು ಕಳಿಸಿದ. ಅನ್ನ ತಣ್ಣಗಾಯಿತು. ಮತ್ತೊಂದು ತುತ್ತು ಮಾಡಿ ಹಿಡಿದ.